ಪೇಟೆ ಬೀದಿಯ ಹಳೆ ಅಂಗಡಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸಣ್ಣ ಊರುಗಳ ಪೇಟೆ ಬೀದಿಯಲ್ಲಿ ಇನ್ನೂ ವ್ಯಾಪಾರ ನಡೆಯುತ್ತಿರುವ ಹಳೆಯ ಅಂಗಡಿ ಕಟ್ಟಡಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸೋರಿಕೆಯವೇ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಜವಳಿ ಅಂಗಡಿಯ ಹೆಂಚಿನ ಹಿಂಭಾಗದಲ್ಲಿ ‘ಬಾಸೆಲ್ ಮಿಷನ್, 1865, ಮಂಗಳೂರು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಕಟ್ಟಡಕ್ಕೆ 160 ವರ್ಷ ಆಯಿತೆಂದು ಫಲಕ ಹಾಕಿಸಬಹುದೇ? — ತೀರ್ಥಹಳ್ಳಿ

ಫಲಕ ಬರೆಯುವವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ಸ್ವಲ್ಪ ತಡೆಯಿರಿ. 1865 ಎಂಬುದು ಕಾರ್ಖಾನೆ ಶುರುವಾದ ವರ್ಷವೇ ಹೊರತು ನಿಮ್ಮ ಹೆಂಚು ಸುಟ್ಟ ವರ್ಷವಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆ ವರ್ಷ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕೆಲಸ ಆರಂಭಿಸಿದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿ ಕೂರುವ ಆ ಮಾದರಿ ಮೂಲದಲ್ಲಿ ಫ್ರಾನ್ಸಿನದು. ಆ ಇಸವಿ ಹೆಂಚಿನ ಅಚ್ಚಿನಲ್ಲಿ ಹತ್ತಾರು ವರ್ಷ ಹಾಗೆಯೇ ಉಳಿದುಕೊಂಡಿತು. ಹಾಗಾಗಿ ಆ ಹೆಂಚು ಹೇಳುವುದು ಇಷ್ಟೇ: ನಾನು 1865ಕ್ಕಿಂತ ಹಿಂದಿನವನಲ್ಲ. ‘ಕಾಮನ್‌ವೆಲ್ತ್’ ಎಂದು ಅಚ್ಚಿದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಯುದ್ಧಕಾಲದಲ್ಲಿ ಮಿಷನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶಕ್ಕೆ ತೆಗೆದುಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿತು.

ಇನ್ನೊಂದು ತೊಡಕೂ ಇದೆ. ಹೆಂಚು ಒಂದೇ ಕಟ್ಟಡಕ್ಕೆ ಅಂಟಿಕೊಂಡು ಇರುವುದಿಲ್ಲ. ಒಂದು ಮನೆ ಕೆಡವಿದಾಗ ಇಳಿಸಿದ್ದು ಮತ್ತೊಂದಕ್ಕೆ ಏರುತ್ತದೆ. ಆದ್ದರಿಂದ ಕಟ್ಟಡದ ವಯಸ್ಸನ್ನು ಹೆಂಚಿನಿಂದಲ್ಲ, ಹೆಂಚಿನ ಕೆಳಗಿರುವ ಮರದಿಂದ ಹುಡುಕಿ. ಹಗಲಲ್ಲಿ ಅಟ್ಟಕ್ಕೆ ಹತ್ತಿ, ಪಕಾಸಿನ (ಮಾಡಿನ ಇಳಿಜಾರು ಮರದ) ಮೇಲ್ಮೈಗೆ ಓರೆಯಾಗಿ ಟಾರ್ಚ್ ಬಿಡಿ. ಮಂಗಳೂರು ಹೆಂಚಿಗೆ ರೀಪುಗಳ (ಹೆಂಚು ಕೂರುವ ಅಡ್ಡಪಟ್ಟಿಗಳ) ನಡುವೆ ಒಂದಡಿಗೂ ಸ್ವಲ್ಪ ಹೆಚ್ಚು ಅಂತರವಿರುತ್ತದೆ. ಈಗಿನ ರೀಪಿನ ಮೊಳೆಗಳ ನಡುನಡುವೆ ಒತ್ತೊತ್ತಾಗಿ ಹಳೆಯ ಮೊಳೆತೂತುಗಳ ಇನ್ನೊಂದು ಸಾಲು ಕಂಡರೆ, ಆ ಮಾಡು ಮೊದಲು ಕೈಯಲ್ಲಿ ಮಾಡಿದ ಸಣ್ಣ ನಾಡಹೆಂಚು ಹೊತ್ತಿತ್ತು, ಮಂಗಳೂರು ಹೆಂಚು ಆಮೇಲೆ ಬಂತು ಎಂದು ತಿಳಿಯಬಹುದು. ಆಗ ಕಟ್ಟಡ ಮಂಗಳೂರು ಹೆಂಚು ಅಲ್ಲಿಗೆ ಏರಿದ್ದಕ್ಕಿಂತ ಹಳೆಯದು. ಮೊಳೆಯನ್ನೂ ನೋಡಿ. ಚಚ್ಚೌಕವಾಗಿ ತುದಿಗೆ ಸಣ್ಣಗಾಗುತ್ತ ಹೋಗುವುದು ಕಮ್ಮಾರ ಬಡಿದದ್ದು. ದುಂಡಗೆ ಒಂದೇ ದಪ್ಪ ಇರುವುದು ಯಂತ್ರದ್ದು. ಆದರೆ ಮೊಳೆಯೊಂದನ್ನೇ ನಂಬಬೇಡಿ, ಹಳ್ಳಿ ಕಮ್ಮಾರರು ಯಂತ್ರದ ಮೊಳೆ ಬಂದ ಮೇಲೂ ಬಡಿಯುತ್ತಲೇ ಇದ್ದರು.

ಕಬ್ಬಿಣದ ತೊಲೆ ಇದ್ದರೆ ನಿಮ್ಮ ಅದೃಷ್ಟ. ತೊಲೆಯ ಪಕ್ಕಕ್ಕೆ ತಂತಿ ಬ್ರಷ್ ಹಾಕಿ ಉಜ್ಜಿದರೆ ಉಬ್ಬಕ್ಷರ ಕಾಣಬಹುದು. ‘ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ’ ಎಂದಿದ್ದರೆ ಅದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ತೊಲೆ. ‘ಟಾಟಾ’ ಎಂದಿದ್ದರೆ 1912ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಜಮ್‌ಶೆಡ್‌ಪುರದಲ್ಲಿ ಉಕ್ಕು ಹೊರಬಂದದ್ದೇ ಆ ವರ್ಷ.

ಕೊನೆಗೆ ಕಾಗದಪತ್ರ. ಉಪನೋಂದಣಿ ಕಚೇರಿಯ ಋಣಭಾರ ಪತ್ರ ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು ಮಾತ್ರ. ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಟ್ಟು ಹಳೆಯ ಸೂಚಿ ಪುಸ್ತಕ ತೆಗೆಸಬೇಕು. ಕ್ರಯಪತ್ರದಲ್ಲಿ ಇಸವಿಗಿಂತ ಚಕ್ಕುಬಂದಿಯನ್ನು (ನಾಲ್ಕೂ ಕಡೆಯ ಗಡಿಯ ವಿವರವನ್ನು) ಗಮನವಿಟ್ಟು ಓದಿ. ‘ಹುಲ್ಲಿನ ಅಂಗಡಿ’, ‘ಹೆಂಚಿನ ಅಂಗಡಿ’, ‘ಖಾಲಿ ನಿವೇಶನ’ ಎಂಬ ಪದಗಳು ಒಂದು ಪತ್ರದಿಂದ ಮುಂದಿನದಕ್ಕೆ ಬದಲಾದ ಜಾಗದಲ್ಲೇ ಕಟ್ಟಡ ಹುಟ್ಟಿದ ಕಾಲ ಸಿಗುತ್ತದೆ. ಬೆಳಗಾವಿ, ಧಾರವಾಡದ ಕಡೆಯ ಓದುಗರಿಗೆ ಹಳೆಯ ದಾಖಲೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಎದುರಾಗಬಹುದು, ಕಲಬುರಗಿ, ರಾಯಚೂರಿನವರಿಗೆ ಉರ್ದುವಿನಲ್ಲಿ. ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಎರಡು ಅಂತಸ್ತಿನ ಕೊಬ್ಬರಿ ಮಂಡಿ. ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಸಿದ ತಾರಸಿ. ಮೂರು ಮಳೆಗಾಲದಿಂದ ಸೋರುತ್ತಿದೆ. ಮೇಲೆ ನಾಲ್ಕು ಇಂಚು ಕಾಂಕ್ರೀಟು ಹಾಕಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಕಂಟ್ರಾಕ್ಟರ್ ಹೇಳುತ್ತಾರೆ. ಹಾಕಿಸಲೇ? — ತಿಪಟೂರು

ಬೇಡ. ಲೆಕ್ಕ ನೋಡಿ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಕೋಣೆಯ ಮೇಲೆ ನಾಲ್ಕು ಇಂಚು ಕಾಂಕ್ರೀಟು ಅಂದರೆ ಸುಮಾರು ನಾಲ್ಕೂವರೆ ಟನ್. ನಿಮ್ಮ ತಾರಸಿ ಈಗಲೇ ಚದರ ಮೀಟರಿಗೆ 350ರಿಂದ 400 ಕೆಜಿ ಸ್ವಂತ ಭಾರ ಹೊತ್ತಿದೆ. ಇದಕ್ಕೆ 240 ಸೇರಿಸಿದರೆ ಹೊರುವುದು ಅದೇ ನೂರು ವರ್ಷದ ಮರ, ಅದೂ ತುದಿ ಒದ್ದೆಯಾಗಿ ಕುಂಬಾಗಿರಬಹುದಾದ ಮರ. ಕಾಂಕ್ರೀಟು ಬಿಸಿಲಿಗೆ ಹಿಗ್ಗಿ ಕುಗ್ಗುವ ರೀತಿಯೇ ಬೇರೆ, ಸುಣ್ಣದ್ದೇ ಬೇರೆ. ಎರಡು ವರ್ಷದಲ್ಲಿ ಎರಡರ ನಡುವೆ ಸಂದು ಬಿಡುತ್ತದೆ. ಆ ಸಂದಿಗೆ ಇಳಿದ ನೀರು ಎಲ್ಲಿಂದ ಬಂತು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮದು ಮದ್ರಾಸ್ ತಾರಸಿ. ಒಂದರಿಂದ ಒಂದೂವರೆ ಅಡಿಗೊಂದರಂತೆ ಜಂತೆ, ಅಂದರೆ ಸಾಲು ತೊಲೆ. ಅದರ ಮೇಲೆ ಆರು ಇಂಚು ಉದ್ದ, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆ ಸಾಲಿನಲ್ಲಿ ಗಾರೆ ಹಾಕಿ ಕಟ್ಟಿರುತ್ತಾರೆ. ಓರೆಯಾಗಿ ಕಟ್ಟುವುದರಿಂದ ಒಂದು ಮೂಲೆಯಲ್ಲಿ ಹಿಡಿದ ಸಾಲು ಮುಂದಿನ ಸಾಲಿಗೆ ಆಸರೆಯಾಗುತ್ತದೆ, ಕೆಳಗೆ ಹಲಗೆ ಕಟ್ಟಬೇಕಾಗಿಲ್ಲ. ಅದರ ಮೇಲೆ ಮೂರು ನಾಲ್ಕು ಇಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಚ್ಚು. ಎಲ್ಲದರ ಮೇಲೆ ಚಪ್ಪಟೆ ಬಿಲ್ಲೆಗಳ ಎರಡು ಮೂರು ವರಸೆ. ಕೆಳಗೆ ನಿಂತು ತಲೆಯೆತ್ತಿದರೆ ಜಂತೆಗಳ ನಡುವೆ ಇಟ್ಟಿಗೆಯ ಓರೆಗೆರೆ ಕಾಣಬೇಕು. ಸುಣ್ಣ ಬಳಿದು ಮುಚ್ಚಿಹೋಗಿದ್ದರೆ ಒಂದಿಷ್ಟು ಕೆರೆದು ನೋಡಿ.

ಈ ತಾರಸಿ ನಟ್ಟನಡುವೆ ಸೋರುವುದು ಅಪರೂಪ. ಸೋರುವುದು ಅಂಚಿನಲ್ಲಿ. ಹಾಗಾಗಿ ಮಳೆ ನಿಂತ ಮರುದಿನ ಮೇಲೆ ಹೋಗಿ ಮೊದಲು ಕೈಪಿಡಿ ಗೋಡೆ (ಪ್ಯಾರಾಪೆಟ್) ತಾರಸಿಗೆ ಕೂಡುವ ಮೂಲೆ ನೋಡಿ, ಅಲ್ಲಿ ದುಂಡಗೆ ಕಟ್ಟಿದ ಗಾರೆಪಟ್ಟಿ ಬಿರುಕು ಬಿಟ್ಟಿರುತ್ತದೆ. ಆಮೇಲೆ ನೀರು ಹೋಗುವ ದೋಣಿಯ ಬಾಯಿ. ಹಲವು ಸಲ ಬಿಲ್ಲೆ ರಿಪೇರಿ ಮಾಡಿಸುತ್ತ ತಾರಸಿಯ ಮಟ್ಟ ಏರಿ, ದೋಣಿಯ ಬಾಯಿ ಗುಂಡಿಯಾಗಿ ನೀರು ಅಲ್ಲೇ ನಿಲ್ಲುತ್ತದೆ. ಕೊನೆಗೆ, ಯಾರೋ ಹಾಕಿಸಿದ ಡಿಶ್ ಆಂಟೆನಾ, ನೀರಿನ ಟ್ಯಾಂಕಿನ ಕಾಲು, ಬೋರ್ಡಿನ ಕಂಬ. ಬೋಲ್ಟು ಕೊರೆದ ತೂತು ನೇರ ಜಂತೆಗೆ ನೀರು ಇಳಿಸುತ್ತದೆ. ಸಾವಿರ ಲೀಟರಿನ ಟ್ಯಾಂಕು ತುಂಬಿದರೆ ಒಂದು ಟನ್. ಅದು ಕೂರಬೇಕಾದದ್ದು ಗೋಡೆಯ ನೆತ್ತಿಯ ಮೇಲೆ, ತಾರಸಿಯ ನಡುವೆ ಅಲ್ಲ.

ಇನ್ನು ಜಂತೆ. ಜಂತೆ ನಡುವೆ ಮುರಿಯುವುದಿಲ್ಲ, ಗೋಡೆಯೊಳಗೆ ಹೂತ ತುದಿಯಲ್ಲಿ ಕೊಳೆಯುತ್ತದೆ. ಪ್ರತಿ ಜಂತೆಯ ಎರಡೂ ತುದಿಗೆ ದಪ್ಪ ದಬ್ಬಳ ಅಥವಾ ಹರಿತವಾದ ಸ್ಕ್ರೂಡ್ರೈವರ್ ಒತ್ತಿ. ಒಳ್ಳೆಯ ತೇಗದಲ್ಲಿ ತುದಿ ಮಾತ್ರ ಚುಚ್ಚುತ್ತದೆ. ಅರ್ಧ ಇಂಚು ಇಳಿದರೆ ಕೊಳೆತಿದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಗೆದ್ದಲು ತಿಂದಿದೆ. ಕೊಳೆತ ತುದಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅವುಗಳ ಕೆಳಗೆ ಅಡ್ಡತೊಲೆ ಕೊಟ್ಟು ಊರೆಗಂಬ ನಿಲ್ಲಿಸಿದ ಮೇಲೆಯೇ ಮೇಲೆ ಕೆಲಸ ಶುರುಮಾಡಿ. ಮೂರು ನಾಲ್ಕು ಜಂತೆಯ ತುದಿ ಮಾತ್ರ ಹೋಗಿದ್ದರೆ ಇಡೀ ಜಂತೆ ಬದಲಿಸಬೇಕಾಗಿಲ್ಲ. ಗೋಡೆಗೆ ಒತ್ತಿ ಕಲ್ಲಿನ ಅಥವಾ ಉಕ್ಕಿನ ಆನಿಕೆ ಕೊಟ್ಟು ಒಳಮರದ ಗಟ್ಟಿ ಭಾಗ ಅದರ ಮೇಲೆ ಕೂರುವಂತೆ ಮಾಡಬಹುದು. ಹೊಸ ಜಂತೆ ಹಾಕುವುದಾದರೆ ತುದಿಯ ಸುತ್ತ ಗಾರೆ ತುರುಕಬೇಡಿ. ಬೆರಳು ಹೋಗುವಷ್ಟು ಸಂದು ಬಿಟ್ಟರೆ ಗಾಳಿಯಾಡಿ ಮರ ಉಳಿಯುತ್ತದೆ.

ಮೇಲಿನ ಕೆಲಸಕ್ಕೆ ಮಳೆಗಾಲ ಮುಗಿದು ಬಿಸಿಲು ಕಡುವಾಗುವ ಮೊದಲಿನ ಅವಧಿ ಒಳ್ಳೆಯದು. ಕೆಟ್ಟಿರುವ ಕಡೆ ಮಾತ್ರ ಬಿಲ್ಲೆ ಮತ್ತು ಗಚ್ಚು ತೆಗೆಯಿರಿ. ಹಾರೆ ಬೇಡ, ಉಳಿ ಸಾಕು. ಹಾರೆಯ ಏಟಿಗೆ ಕೆಳಗಿನ ಓರೆ ಇಟ್ಟಿಗೆ ಸಡಿಲಾಗುತ್ತದೆ. ಗಚ್ಚಿಗೆ ಗಾರೆ ಮಾಡುವಾಗ 1 ಪಾಲು ಅರಳಿದ ಸುಣ್ಣಕ್ಕೆ 2 ಪಾಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಆ ಗಾರೆ 1 ಪಾಲಿಗೆ ಇಟ್ಟಿಗೆ ಜಲ್ಲಿ ಎರಡೂವರೆ ಪಾಲು. ಜಲ್ಲಿ ಒಂದು ಇಂಚು ಮೀರಬಾರದು, ಕಲಸುವ ಮೊದಲು ಕನಿಷ್ಠ ಆರು ಗಂಟೆ ನೀರಲ್ಲಿ ನೆನೆದಿರಬೇಕು. ಒಣ ಜಲ್ಲಿ ಗಾರೆಯ ನೀರನ್ನೆಲ್ಲ ಕುಡಿದು ಗಚ್ಚು ಪುಡಿಯಾಗುತ್ತದೆ. ಇವತ್ತು ಆಗುವ ಹೆಚ್ಚಿನ ಸೋಲಿಗೆ ಕಾರಣ ಇದೇ.

ನಾಲ್ಕು ಇಂಚು ಹರಡಿ, ಮರದ ಕೊಡತಿಯಿಂದ ಮೂರು ಇಂಚಿಗೆ ಇಳಿಯುವವರೆಗೆ ಹೊಡೆಯಬೇಕು. ಹತ್ತಡಿಗೆ ಎರಡು ಇಂಚು ಇಳಿಜಾರು ದೋಣಿಯ ಕಡೆಗಿರಲಿ. ಹೊಡೆಯುವ ಕೆಲಸ ಒಂದು ದಿನದ್ದಲ್ಲ, ವಾರದ್ದು. ಹೊಡೆಯುತ್ತಿರುವಾಗ ಚಿಮುಕಿಸುವ ನೀರಿಗೆ ಅಳಲೆಕಾಯಿ ಮತ್ತು ಬೆಲ್ಲ ಬೇಕು. 10 ಚದರ ಮೀಟರ್ ಕೆಲಸಕ್ಕೆ 600 ಗ್ರಾಂ ಜಜ್ಜಿದ ಒಣ ಅಳಲೆಕಾಯಿ, 200 ಗ್ರಾಂ ಬೆಲ್ಲ, 40 ಲೀಟರ್ ನೀರು, 12ರಿಂದ 24 ಗಂಟೆ ನೆನೆಸಿಟ್ಟದ್ದು. ಸಾಕಾಯಿತೇ ಎಂದು ತಿಳಿಯುವುದು ಕೊಡತಿಯಿಂದಲೇ. ಮೊದಲ ದಿನಗಳಲ್ಲಿ ಏಟು ಗಚ್ಚಿನಲ್ಲಿ ಹೂತುಕೊಳ್ಳುತ್ತದೆ, ಗಚ್ಚು ಗಟ್ಟಿಯಾದಾಗ ಕೊಡತಿ ತಾನೇ ಪುಟಿದು ಮೇಲೇಳುತ್ತದೆ. ಆಮೇಲೆ ಎರಡು ವರಸೆ ಬಿಲ್ಲೆ, ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನದರ ಸಂದು ಬರದಂತೆ. ಹತ್ತು ದಿನ ಒದ್ದೆ ಗೋಣಿ ಹೊದಿಸಿಡಿ.

ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಲದೇ ಎಂದೂ ನೀವು ಕೇಳಿದ್ದೀರಿ. ಒಣಗಿದ ತಾರಸಿಯ ಮೇಲೆ, ಬಿರುಕು ಮುಚ್ಚಿದ ನಂತರ ಬಳಿದರೆ ಕೆಲವು ವರ್ಷ ನಡೆಯುತ್ತದೆ. ಒದ್ದೆ ತಾರಸಿಯ ಮೇಲೆ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಕಾಣದೆ ಕೆಳಗೆ ಜಂತೆಗೆ ಇಳಿಯುತ್ತದೆ. ಸೋರಿಕೆ ನಿಂತಂತೆ ಕಾಣುತ್ತದೆ, ಮರ ಕೊಳೆಯುತ್ತಿರುತ್ತದೆ. ಎಲ್ಲಕ್ಕಿಂತ ಅಪಾಯದ ರಿಪೇರಿ ಇದು.

ಕೈಪಿಡಿ ಗೋಡೆಯಲ್ಲಿ ಅರಳಿ ಗಿಡ ಪ್ರತಿ ವರ್ಷ ಕಡಿದರೂ ಬರುತ್ತದೆ. — ಅದೇ ಊರಿನ ಇನ್ನೊಬ್ಬರು

ಕಡಿದಷ್ಟೂ ಬೇರು ದಪ್ಪವಾಗುತ್ತದೆ. ಹಿಡಿದು ಎಳೆಯಲೂಬೇಡಿ, ಬೇರಿನ ಜೊತೆ ಗೋಡೆಯ ಮುಖವೇ ಬರುತ್ತದೆ. ಕಾಂಡವನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ, ಹಸಿ ಕೊರಡಿನಲ್ಲಿ ಕೆಳಮುಖವಾಗಿ ತೂತು ಕೊರೆದು ಕೂಡಲೇ ಕಳೆನಾಶಕ ತುಂಬಿಸಬೇಕು. ಇದನ್ನು ಪರವಾನಗಿ ಇರುವ ಕೀಟನಿಯಂತ್ರಣದವರಿಂದಲೇ ಮಾಡಿಸಿ. ಬೇರು ಸತ್ತು ಒಣಗಲು ತಿಂಗಳುಗಳೇ ಬೇಕು. ಆಮೇಲೆ ಬಿರುಕಿಗೆ ತೆಳು ಸುಣ್ಣದ ಗಾರೆ ಹೊಯ್ಯಿಸಿ.

600 ಚದರಡಿ ಅಂಗಡಿಯ ಮಾಡಿಗೆ ಎಷ್ಟು ಮಂಗಳೂರು ಹೆಂಚು ಬೇಕು? ತಗಡು ಹಾಕುವುದು ಲಾಭವಲ್ಲವೇ? — ಕುಮಟಾ

600 ಎಂಬುದು ನೆಲದ ಅಳತೆಯೋ ಮಾಡಿನ ಅಳತೆಯೋ ನೋಡಿಕೊಳ್ಳಿ. ನೆಲದ್ದಾದರೆ, 30 ಡಿಗ್ರಿ ಇಳಿಜಾರಿಗೆ ಮಾಡು ಸುಮಾರು 690 ಚದರಡಿ ಆಗುತ್ತದೆ. ಸೂರು ಮುಂದೆ ಚಾಚಿದ್ದನ್ನು ಬೇರೆ ಸೇರಿಸಿ. ಚದರಡಿಗೆ ಒಂದೂಕಾಲಿನಿಂದ ಒಂದೂವರೆ ಹೆಂಚು, ಅಂದರೆ ಚದರ ಮೀಟರಿಗೆ ಸುಮಾರು 15. ಹಾಗಾಗಿ 1,000 ಹೆಂಚು, ಒಡೆಯುವುದಕ್ಕೆ 50ರಿಂದ 70 ಹೆಚ್ಚು. ತಲೆಹೆಂಚು ಬೇರೆ ಲೆಕ್ಕ, ಮಾಡಿನ ನೆತ್ತಿಯ ಉದ್ದ ಅಳೆದು ತರಿಸಿ.

ಎಡವುವುದು ಲೆಕ್ಕದಲ್ಲಿ ಅಲ್ಲ, ರೀಪಿನಲ್ಲಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಅಳತೆ. ಹೊಸ ಹೆಂಚು ಬಂದ ಮೇಲೆ ಹತ್ತು ಹೆಂಚನ್ನು ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿ ಸಾಲಾಗಿ ಇಡಿ. ಪೂರ್ತಿ ಒತ್ತಿದಾಗಿನ ಉದ್ದ, ಪೂರ್ತಿ ಎಳೆದಾಗಿನ ಉದ್ದ, ಎರಡನ್ನೂ ಅಳೆಯಿರಿ. ಎರಡರ ಸರಾಸರಿಯನ್ನು ಸಾಲಿನಲ್ಲಿರುವ ಹೆಂಚಿನ ಸಂಖ್ಯೆಯಿಂದ ಭಾಗಿಸಿದರೆ ರೀಪಿನ ಅಂತರ ಸಿಗುತ್ತದೆ. ಕೊನೆಯ ಹೆಂಚಿನ ಮುಚ್ಚದೆ ಉಳಿದ ತುದಿಯನ್ನು ಅಳತೆಯಿಂದ ಬಿಡಬೇಕು, ಇಲ್ಲದಿದ್ದರೆ ಲೆಕ್ಕ ಏರುಪೇರಾಗುತ್ತದೆ. ಬಡಗಿ ತನ್ನ ರೂಢಿಯ ಅಳತೆಯಲ್ಲಿ ರೀಪು ಹೊಡೆದು ಮುಗಿಸಿದ ಮೇಲೆ ಹೆಂಚು ಕೂರುವುದಿಲ್ಲ ಎಂದು ಗೊತ್ತಾಗುವುದು ಸಾಮಾನ್ಯ. ಇದೇ ಕಾರಣಕ್ಕೆ ಎರಡು ಕಾರ್ಖಾನೆಯ ಹೆಂಚನ್ನು ಒಂದೇ ಇಳಿಜಾರಿನಲ್ಲಿ ಬೆರೆಸಬೇಡಿ. ಹಳೆಯದರಲ್ಲಿ ಸರಿಯಿರುವುದನ್ನೆಲ್ಲ ಬೀದಿಯ ಕಡೆಗೆ ಹಾಕಿ, ಹೊಸದನ್ನು ಹಿಂದಿನ ಇಳಿಜಾರಿಗೆ ಕೊಡಿ.

ತಗಡಿನ ಲಾಭ ಮೇಲ್ನೋಟದ್ದು. ಹೆಂಚು ಚದರ ಮೀಟರಿಗೆ 40ರಿಂದ 45 ಕೆಜಿ ತೂಗುತ್ತದೆ, ತಗಡು ಐದಾರು ಕೆಜಿ. ನಿಮ್ಮ ಹಳೆಯ ಮಾಡು ಗಾಳಿಗೆ ಹಾರದೆ ನಿಂತಿರುವುದು ಆ ತೂಕದಿಂದಲೇ, ಪಕಾಸನ್ನು ಗೋಡೆಗೆ ಬಿಗಿದಿರುವುದು ಕಡಿಮೆ. ಹೆಂಚು ತೆಗೆದು ತಗಡು ಹಾಕುವುದಾದರೆ ಪ್ರತಿ ಪಕಾಸನ್ನೂ ಗೋಡೆಗೆ ಕಬ್ಬಿಣದ ಪಟ್ಟಿಯಲ್ಲಿ ಕಟ್ಟಬೇಕು. ಕರಾವಳಿಯ ಉಪ್ಪುಗಾಳಿಗೆ ಸ್ಕ್ರೂವಿನ ಸುತ್ತ ತುಕ್ಕು ಮೊದಲು ಹಿಡಿಯುತ್ತದೆ ಎಂಬುದನ್ನೂ ಖರ್ಚಿನಲ್ಲಿ ಸೇರಿಸಿ. ಅಡಕೆ, ಬಟ್ಟೆ, ಕಾಗದ ಇಡುವ ಅಂಗಡಿಯಾದರೆ ಚಳಿಗಾಲದ ಬೆಳಗ್ಗೆ ತಗಡಿನ ಒಳಮೈಯಿಂದ ತೊಟ್ಟಿಕ್ಕುವ ನೀರು ಸೋರಿಕೆಗಿಂತ ಹೆಚ್ಚು ತಲೆನೋವು.

ದಿನಸಿ ಅಂಗಡಿ. ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಎರಡು ವರ್ಷವಾಗಿಲ್ಲ, ನಾಲ್ಕಡಿ ಎತ್ತರದವರೆಗೆ ಉಬ್ಬಿ ಉದುರುತ್ತಿದೆ. — ಅರಸೀಕೆರೆ

ಸಿಮೆಂಟ್ ಹಾಕಿದ್ದಕ್ಕೇ ಉದುರುತ್ತಿದೆ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೆಲದ ತೇವವನ್ನು ಹೀರುತ್ತದೆ, ಮೈಯಿಂದ ಬಿಡುತ್ತದೆ. ಮೈಗೆ ಸಿಮೆಂಟ್ ಹೊದಿಸಿದರೆ ತೇವ ಒಳಗೇ ಮೇಲೇರುತ್ತದೆ. ಎರಡಡಿ ಇದ್ದ ಕಲೆ ನಾಲ್ಕಡಿಯಾಗುವುದು ಹಾಗೆ. ನೀರಿನ ಜೊತೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳುತ್ತದೆ. ದಿನಸಿ ಅಂಗಡಿಯಾದ್ದರಿಂದ ಇನ್ನೊಂದು ಮೂಲವೂ ಇದೆ: ಎಷ್ಟೋ ವರ್ಷ ಉಪ್ಪಿನ ಮೂಟೆ ಒರಗಿಸಿಟ್ಟ ಗೋಡೆ. ಆ ಜಾಗ ಮಳೆಗಾಲದಲ್ಲಿ ಗಾಳಿಯ ತೇವವನ್ನೇ ಎಳೆದುಕೊಂಡು ಒದ್ದೆಯಾಗುತ್ತದೆ. ಕಲೆ ಗೋಡೆಯುದ್ದಕ್ಕೂ ಒಂದೇ ಎತ್ತರವಿದ್ದರೆ ನೆಲದ ತೇವ, ಒಂದೆರಡು ಕಡೆ ಮೂಟೆಯ ಆಕಾರದಲ್ಲಿದ್ದರೆ ಉಪ್ಪು.

ಮೊದಲು ಹೊರಗೆ ಹೋಗಿ ರಸ್ತೆ ನೋಡಿ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯದೆ ಮೇಲೇ ಹಾಕಿ, ಮೂರು ಮೆಟ್ಟಿಲು ಎತ್ತರವಿದ್ದ ಜಗಲಿ ಎಷ್ಟೋ ಪೇಟೆಗಳಲ್ಲಿ ರಸ್ತೆಯ ಮಟ್ಟಕ್ಕೆ ಬಂದಿದೆ. ಚರಂಡಿ ಗೋಡೆಗೆ ಒತ್ತಿಕೊಂಡು ಹರಿಯುತ್ತಿದ್ದರೆ ಒಳಗೆ ಏನು ಮಾಡಿದರೂ ವ್ಯರ್ಥ.

ಅದಾದ ಮೇಲೆ ಕಲೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಸಿಮೆಂಟ್ ಪೂರ್ತಿ ಕಿತ್ತು ಹಾಕಿ. ಸಂದುಗಳನ್ನು ಅರ್ಧ ಇಂಚು ಆಳಕ್ಕೆ ಕೆರೆಯಿರಿ. ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಅಂಗಡಿಯಿಂದ ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಅದು ಮತ್ತೆ ಗೋಡೆಗೇ ಇಳಿಯುತ್ತದೆ. ಆಮೇಲೆ ಕಾಯಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಒಣಗುವ ಅಂದಾಜು. ಎರಡೂ ಕಡೆ ತೆರೆದಿದ್ದರೆ ಅರ್ಧ ಸಾಕು. ಕನಿಷ್ಠ ಒಂದು ಬೇಸಿಗೆಯನ್ನಾದರೂ ಬಿಡಿ. ವ್ಯಾಪಾರಸ್ಥರಿಗೆ ಇದು ಒಗ್ಗುವುದಿಲ್ಲ, ಗೊತ್ತು. ಗೋಡೆಯಿಂದ ಒಂದು ಗೇಣು ಬಿಟ್ಟು ಹಲಗೆ ನಿಲ್ಲಿಸಿ ಮುಂದೆ ವ್ಯಾಪಾರ ನಡೆಸಬಹುದು.

ಹೊಸ ಗಾರೆ: 1 ಸುಣ್ಣ, 1 ಸುರ್ಕಿ, 2 ಮರಳು. ತೇವ ಇರುವ ಕಡೆ ಸುರ್ಕಿ ಬಿಡಬೇಡಿ, ಬರೀ ಸುಣ್ಣ ಒದ್ದೆಯಲ್ಲಿ ಗಟ್ಟಿಯಾಗುವುದಿಲ್ಲ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆಯೇ. ಮೊದಲ ಪದರ ಅರ್ಧ ಇಂಚು ಮೀರದಿರಲಿ, ವಾರದ ನಂತರ ತೆಳುವಾಗಿ ಎರಡನೆಯದು. ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಸಿಮೆಂಟ್ ಮಾಡಿದ ಕೆಲಸವನ್ನೇ ಅದು ಮಾಡುತ್ತದೆ. ಮೂಟೆಗಳಿಗೆ ಆರು ಇಂಚಿನ ಮಣೆ ಇರಲಿ.

ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆ ಕಮಾನಿನ ಮಾಳಿಗೆ. ತೊಲೆ ತುಕ್ಕು ಹಿಡಿದು ಇಟ್ಟಿಗೆ ಬಿರುಕು ಬಿಟ್ಟಿದೆ. ಒಂದು ಅಂಕಣ (ಎರಡು ತೊಲೆಗಳ ನಡುವಿನ ಭಾಗ) ತೆಗೆದು ಒಳಗಿನಿಂದ ಮೆಟ್ಟಿಲು ಮಾಡುವ ಯೋಚನೆಯೂ ಇದೆ. — ರಾಣೆಬೆನ್ನೂರು

ಮೆಟ್ಟಿಲಿನ ಯೋಚನೆ ಬಿಡಿ, ಅಥವಾ ಎಂಜಿನಿಯರರ ನಕ್ಷೆ ಕೈಗೆ ಬರುವ ತನಕ ಮುಟ್ಟಬೇಡಿ. ಜ್ಯಾಕ್ ಆರ್ಚ್ ಮಾಳಿಗೆಯಲ್ಲಿ ಮೂರು ನಾಲ್ಕು ಅಡಿಗೊಂದು ತೊಲೆ, ನಡುವೆ ಅರ್ಧ ಇಟ್ಟಿಗೆ ದಪ್ಪದ ಕಮಾನು. ಪ್ರತಿ ಕಮಾನು ಎರಡೂ ಪಕ್ಕಕ್ಕೆ ತಳ್ಳುತ್ತಿರುತ್ತದೆ. ಪಕ್ಕದ ಕಮಾನು ಎದುರು ತಳ್ಳುವುದರಿಂದ ತೊಲೆ ನೆಟ್ಟಗಿದೆ. ನಡುವಿನ ಒಂದು ಅಂಕಣ ತೆಗೆದರೆ ಅಕ್ಕಪಕ್ಕದವಕ್ಕೆ ಎದುರಾಳಿ ಇಲ್ಲದೆ ತೊಲೆ ವಾಲುತ್ತದೆ, ಸಾಲು ಸಾಲಾಗಿ ಬೀಳುತ್ತದೆ. ಕೊನೆಯ ಅಂಕಣದಲ್ಲಿ ತೊಲೆಯಿಂದ ಗೋಡೆಗೆ ಹಾದ ಕಬ್ಬಿಣದ ಸರಳು ಕಾಣಬಹುದು. ಅದು ಬಟ್ಟೆ ಒಣಗಿಸಲು ಬಿಟ್ಟದ್ದಲ್ಲ. ಫ್ಯಾನಿಗೆ ಅಡ್ಡ ಎಂದು ಯಾರಾದರೂ ಕತ್ತರಿಸಿದ್ದರೆ ಮೊದಲು ಅದನ್ನು ಮತ್ತೆ ಹಾಕಿಸಿ.

ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಆದ್ದರಿಂದ ಇಟ್ಟಿಗೆ ಬಿರಿಯುತ್ತದೆ. ಮೇಲೆ ಬಚ್ಚಲು, ಸಿಂಕು ಇದೆಯೇ ನೋಡಿ, ನೀರು ಅಲ್ಲಿಂದಲೇ. ಅದನ್ನು ನಿಲ್ಲಿಸಿ, ಊರೆ ಕೊಟ್ಟು, ಹಕ್ಕಳೆ ಹಕ್ಕಳೆಯಾಗಿ ಏಳುವ ತುಕ್ಕನ್ನು ಕೆರೆದು, ಕೆಳಪಟ್ಟಿಯ ಉಳಿದ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಸಿ. ಅದನ್ನು ಗೋಡೆಯ ಸನಿಹದ ಒಣ ಭಾಗದ ದಪ್ಪಕ್ಕೆ ಹೋಲಿಸಿ. ಕಾಲುಭಾಗ ಹೋಗಿದ್ದರೆ ಬಣ್ಣದಿಂದ ಆಗುವ ಕೆಲಸವಲ್ಲ, ಪಕ್ಕಕ್ಕೆ ಹೊಸ ಉಕ್ಕು ಕೊಡಬೇಕಾಗುತ್ತದೆ. ಹಳೆಯ ಕಬ್ಬಿಣಕ್ಕೆ ಪರೀಕ್ಷೆ ಮಾಡದೆ ವೆಲ್ಡಿಂಗ್ ಮಾಡಿಸಬೇಡಿ, ಎಲ್ಲ ಹಳೆ ಉಕ್ಕೂ ವೆಲ್ಡಿಂಗ್ ತಾಳುವುದಿಲ್ಲ. ಬೋಲ್ಟು ಲೇಸು.

ಮಣ್ಣಿನ ಮಾಳಿಗೆಯ ಅಂಗಡಿ. ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬಹುದೇ? — ಕೂಡ್ಲಿಗಿ

ಹಾಸಬೇಡಿ. ಮಣ್ಣು ಹಾಳೆಯ ಮೇಲೆ ಜಾರುತ್ತದೆ, ಹಾಳೆಯ ಕೆಳಗೆ ಹಲಗೆ ಬೆವರುತ್ತದೆ. ನಿಮ್ಮ ಕಡೆ ಚೌಳು ಮಣ್ಣು ಹಾಕುವುದರಲ್ಲಿ ಅರ್ಥವಿದೆ. ಅದರ ಸೋಡಿಯಂ ಲವಣದಿಂದ ಜೇಡಿ ನೆನೆದ ಕೂಡಲೇ ಕದಡಿ ಸಂದು ಮುಚ್ಚಿಕೊಳ್ಳುತ್ತದೆ. ಮುಂಗಾರಿಗೆ ಮೊದಲು ಅರ್ಧದಿಂದ ಒಂದು ಇಂಚು ಹೊಸ ಚೌಳು ಹಾಕಿ ದಿಮ್ಮಿಸಿ. ಆದರೆ ಪ್ರತಿ ವರ್ಷ ಸೇರಿಸುತ್ತ ಹೋಗಿ ಒಂದಡಿ ದಪ್ಪ ಮಾಡಿಕೊಂಡವರೇ ಹೆಚ್ಚು. ಏಳೆಂಟು ಇಂಚು ಮೀರಿದ್ದರೆ ಮೇಲಿನದನ್ನು ಕೆರೆದು ತೆಗೆದೇ ಹೊಸದು ಹಾಕಿ.

ಹಲಗೆ ಬಾಗಿಲು ತೆಗೆದು ರೋಲಿಂಗ್ ಷಟರ್ ಹಾಕಬೇಕು. ಎರಡು ಅಂಗಡಿಯ ನಡುವಿನ ಗೋಡೆ ತೆಗೆದು ಒಂದೇ ಅಗಲ ಷಟರ್ ಕೂರಿಸಬಹುದೇ? — ಸಾಗರ

ಷಟರ್ ಹಾಕಿ, ಗೋಡೆ ಬಿಡಿ. ಆ ಗೋಡೆ ಮಹಡಿಯ ತೊಲೆಗಳನ್ನು ಹೊತ್ತಿದೆ. ಮೈಸೂರಿನಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದಲ್ಲಿ, ಎರಡೂ ವ್ಯಾಪಾರ ನಡೆಯುತ್ತಿದ್ದ ಕಟ್ಟಡಗಳು. ಹಳೆ ಅಂಗಡಿಯಲ್ಲಿ ಯಾವ ಗೋಡೆಯೂ ಬರೀ ಅಡ್ಡಗೋಡೆ ಎಂದು ಊಹಿಸಬಾರದು.

ಷಟರಿನ ಸುರುಳಿಯನ್ನು ಒಳಗಡೆ, ಬಾಗಿಲ ಪಟ್ಟಿಯ ಹಿಂದೆ ಕೂರಿಸಿದರೆ ಹಲಗೆ ಬಾಗಿಲಿನ ಚೌಕಟ್ಟನ್ನು ಕೊಯ್ಯಬೇಕಾಗಿಲ್ಲ. ಸುರುಳಿಗೆ ಒಂದೂಕಾಲು ಅಡಿ ಎತ್ತರ ಬೇಕು. ಚೌಕಟ್ಟಿನ ರಚನೆ ನೋಡಿದ್ದೀರಾ? ಹಲಗೆ ಕೂರಲು ಮೇಲೆ ಕೊರೆದ ತೋಡು ಆಳ, ಹೊಸ್ತಿಲಿನ ತೋಡು ತೆಳು. ಹಲಗೆಯನ್ನು ಮೊದಲು ಮೇಲಕ್ಕೆ ಪೂರ್ತಿ ತೂರಿಸಿ, ಬುಡ ಒಳಗೆ ತಳ್ಳಿ ಕೆಳಗಿಳಿಸಿದರೆ ಎರಡೂ ಕಡೆ ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ಎಳೆದರೆ ಬರುವುದಿಲ್ಲ, ಎತ್ತಲು ಕೊನೆಯ ಹಲಗೆಯ ಬೀಗ ಬಿಡಲೇಬೇಕು. ಪ್ರತಿ ಹಲಗೆಯ ಒಳಮೈಯಲ್ಲಿ ಉಳಿಯಿಂದ ಕೊರೆದ ಗೀಟುಗಳೇ ಅದರ ಅಂಕಿ, ಏಕೆಂದರೆ ಕೈಯಲ್ಲಿ ತೀಡಿದ ಹಲಗೆ ತನ್ನ ಜಾಗದಲ್ಲಿ ಮಾತ್ರ ಕೂರುತ್ತದೆ. ಮಳೆಗಾಲದಲ್ಲಿ ಬಿಗಿಯಾದರೆ ಕೀಸುಳಿ ಹಾಕಬೇಡಿ, ಬೇಸಿಗೆಯಲ್ಲಿ ಸಡಿಲಾಗುತ್ತದೆ. ಅಂಚಿಗೆ ಮೇಣ ಉಜ್ಜಿ. ತೆಗೆದ ಹಲಗೆಗಳನ್ನು ಗುಜರಿಗೆ ಕೊಡದೆ ಅಟ್ಟದಲ್ಲಿ ಚಪ್ಪಟೆಯಾಗಿ ಪೇರಿಸಿಡಿ, ಒರಗಿಸಿಟ್ಟರೆ ಬಾಗುತ್ತವೆ.

ನಮ್ಮ ಅಂಗಡಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 80 ಮೀಟರಿನಲ್ಲಿದೆ. ಮಾಡು ರಿಪೇರಿಗೂ ಅನುಮತಿ ಬೇಕೇ? — ಶ್ರೀರಂಗಪಟ್ಟಣ

ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ನೀವು ಸಾಬೀತು ಮಾಡಬೇಕಾದದ್ದು ಕಟ್ಟಡ ನೂರು ವರ್ಷದ್ದು ಎಂದಲ್ಲ, ಆ ದಿನಾಂಕಕ್ಕೆ ಮೊದಲು ಇತ್ತು ಎಂದಷ್ಟೇ. ಹಳೆಯ ಕಂದಾಯ ರಸೀದಿ, ವಿದ್ಯುತ್ ಬಿಲ್ಲು, ವ್ಯಾಪಾರ ಪರವಾನಗಿ ಹುಡುಕಿ ಜೋಡಿಸಿಟ್ಟುಕೊಳ್ಳಿ. ಈಗಿನ ಎತ್ತರ, ಅಳತೆ, ನಾಲ್ಕೂ ಕಡೆಯ ಫೋಟೋ ಅರ್ಜಿಯೊಂದಿಗೆ ಹೋಗಲಿ. ಎತ್ತರ ಒಂದಡಿ ಹೆಚ್ಚಿದರೂ ಅದು ರಿಪೇರಿಯ ಲೆಕ್ಕಕ್ಕೆ ಬರದೆ ಹೋಗಬಹುದು, ಆದ್ದರಿಂದ ಅನುಮತಿ ಕೈಗೆ ಬರುವ ಮೊದಲು ಹೆಂಚು ಇಳಿಸಲು ಆಳು ಕರೆಯಬೇಡಿ.